ಆಟಿಕೆ ಇಟ್ಟಿಗೆಗಳಲ್ಲಿ ಅಭಿಮನ್ಯು: ನೂರು ವರಸೆಯ ಯಕ್ಷಗಾನ ಶಿಲ್ಪವನ್ನು ಕಟ್ಟುವ ಬಗೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮಕ್ಕಳ ಯಕ್ಷಗಾನ ತರಗತಿಯ ವಾರ್ಷಿಕೋತ್ಸವಕ್ಕೆ, ಸಭಾಂಗಣದ ಬಾಗಿಲಲ್ಲಿ ನಿಲ್ಲಿಸಲೆಂದು, ಆಟಿಕೆ ಇಟ್ಟಿಗೆಗಳಿಂದ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಅಭಿಮನ್ಯುವಿನ, ಎದೆಯಿಂದ ಮೇಲಿನ ಶಿಲ್ಪವೊಂದನ್ನು ಕಟ್ಟಿದೆವು. ಎತ್ತರ 96 ಸೆಂ.ಮೀ., ಅಂದರೆ ನೂರು ವರಸೆ (ಗಾರೆ ಕೆಲಸದವರ ಮಾತು; ಒಂದು ಇಟ್ಟಿಗೆಯ ಎತ್ತರದ ಒಂದು ಸುತ್ತು), ಇಟ್ಟಿಗೆಗಳು ಸುಮಾರು 6,500, ಪೀಠವನ್ನು ಬಿಟ್ಟು ತೂಕ ಹತ್ತು ಕಿಲೋಗಿಂತ ತುಸು ಹೆಚ್ಚು. ಮೂವರು ದೊಡ್ಡವರು ಮತ್ತು ಸರದಿಯಂತೆ ಬಂದ ಮಕ್ಕಳು ಸಂಜೆ ಎರಡೆರಡು ಗಂಟೆ ಕುಳಿತು ಒಂದು ತಿಂಗಳಲ್ಲಿ ಮುಗಿಸಿದ ಕೆಲಸವಿದು. ಇಂಥದ್ದನ್ನು ಮಾಡಬಯಸುವ ಬೇರೆ ಸಂಘಗಳಿಗೆ ಮತ್ತು ಶಾಲೆಗಳಿಗೆ ನೆರವಾಗಲೆಂದು ಕೆಲಸದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ನೀವು ಆರಿಸುವ ಪಾತ್ರ ಬೇರೆಯಾಗಬಹುದು. ಲೆಕ್ಕ ಮಾತ್ರ ಇದೇ.

ಪಾತ್ರವನ್ನು ಆರಿಸುವುದು

ಪಾತ್ರದ ಹೊರಗೆರೆಯನ್ನು ಮೊದಲು ನೋಡಿ. ಬಣ್ಣವನ್ನೆಲ್ಲ ಕಳೆದು ಕಪ್ಪು ನೆರಳಾಗಿ ಗೋಡೆಯ ಮೇಲೆ ಬಿಟ್ಟರೂ ಇಂಥವರೇ ಎಂದು ಗುರುತು ಸಿಗುವ ಪಾತ್ರ ಇಟ್ಟಿಗೆಗೆ ಒಗ್ಗುತ್ತದೆ. ಮುಖದ ಸೂಕ್ಷ್ಮ ಭಾವದಿಂದ ಮಾತ್ರ ಗುರುತಾಗುವ ಪಾತ್ರವನ್ನು ಚೌಕದ ಅಂಚುಗಳಲ್ಲಿ ಹಿಡಿಯುವುದು ಕಷ್ಟ. ಅಭಿಮನ್ಯುವಿನ ಕೇದಗೆ ಮುಂದಲೆ (ಕೇದಗೆಯ ಆಕಾರದ ತಲೆಯುಡುಗೆ), ಭುಜಕೀರ್ತಿ, ಎದೆಕಟ್ಟು ಇವು ಮೂರೂ ಹೊರಗೆರೆಯಲ್ಲೇ ಎದ್ದು ಕಾಣುತ್ತವೆ. ನಾನು ಮೊದಲ ನಕ್ಷೆಯಲ್ಲಿ ಮುಖವನ್ನು ದೊಡ್ಡದು ಮಾಡಿ ಮುಂದಲೆಯನ್ನು ಕುಗ್ಗಿಸಿದ್ದೆ. ಅದನ್ನು ನೋಡಿದ ನಮ್ಮ ಭಾಗವತರು, "ಚೌಕಿಯಿಂದ (ಬಣ್ಣದ ಮನೆಯಿಂದ) ವೇಷ ಹೊರಟು ಬರುವಾಗ ಜನರಿಗೆ ಮೊದಲು ಕಾಣುವುದು ತಲೆಯ ಮೇಲಿನದ್ದು, ಕಣ್ಣು ಮೂಗು ಆಮೇಲೆ ಮಾರಾಯ್ರೆ" ಎಂದರು. ಅವರ ಮಾತಿನಂತೆ ಒಟ್ಟು ನೂರು ವರಸೆಯಲ್ಲಿ ನಲವತ್ತನ್ನು ಮುಂದಲೆಗೇ ಬಿಟ್ಟೆವು. ಆ ತೀರ್ಮಾನವೇ ಶಿಲ್ಪಕ್ಕೆ ಜೀವ ಕೊಟ್ಟಿತು ಎಂದು ಈಗಲೂ ನಂಬಿದ್ದೇನೆ.

ಪಾತ್ರ ನಿಶ್ಚಯವಾದ ಮೇಲೆ ಮುಂದಿನಿಂದ, ಎರಡೂ ಪಕ್ಕಗಳಿಂದ, ಹಿಂದಿನಿಂದ ಫೋಟೋ ತೆಗೆಯಿರಿ. ಕ್ಯಾಮೆರಾ ವೇಷಧಾರಿಯ ಮೂಗಿನ ಮಟ್ಟದಲ್ಲಿರಲಿ ಮತ್ತು ಐದಾರು ಮೀಟರ್ ದೂರದಲ್ಲಿರಲಿ. ಹತ್ತಿರದಿಂದ ತೆಗೆದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿದು, ಅಳತೆಯೆಲ್ಲ ತಪ್ಪುತ್ತದೆ.

ಅಳತೆ: ಇಟ್ಟಿಗೆ ಚೌಕವಲ್ಲ

ಈ ಕೆಲಸದಲ್ಲಿ ನೆನಪಿಡಬೇಕಾದ ಅಳತೆಗಳು ಮೂರೇ. ಇಟ್ಟಿಗೆಯ ಮೇಲಿನ ಒಂದು ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 8 ಮಿ.ಮೀ. ಗುಬುಟನ್ನು ಬಿಟ್ಟು ಇಟ್ಟಿಗೆಯ ಎತ್ತರ 9.6 ಮಿ.ಮೀ. ಪ್ಲೇಟ್ ಎಂದು ಕರೆಯುವ ತೆಳು ತುಂಡಿನ ಎತ್ತರ 3.2 ಮಿ.ಮೀ., ಅಂದರೆ ಮೂರು ಪ್ಲೇಟ್ ಸೇರಿ ಒಂದು ಇಟ್ಟಿಗೆ. ಡೆನ್ಮಾರ್ಕಿನ ಲೆಗೊ ಕಂಪನಿ 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಒಳಗೆ ಕೊಳವೆಗಳಿರುವ ಇಟ್ಟಿಗೆಗೂ ಇಂದಿನದ್ದಕ್ಕೂ ಇವತ್ತಿಗೂ ಜೋಡಣೆ ಕೂಡುತ್ತದೆ. ಕೆಳಗಿನ ಇಟ್ಟಿಗೆಯ ಗುಬುಟುಗಳನ್ನು ಮೇಲಿನದ್ದರ ಗೋಡೆ ಮತ್ತು ಕೊಳವೆಗಳು ಬಿಗಿಯಾಗಿ ಹಿಡಿಯುವುದರಲ್ಲೇ ಅದರ ಬಲವೆಲ್ಲ ಇದೆ.

ಅಗಲ 8, ಎತ್ತರ 9.6 ಆದ್ದರಿಂದ ಇಟ್ಟಿಗೆಯ ಒಂದು ಅಂಕಣ ಚೌಕವಲ್ಲ, ಐದಕ್ಕೆ ಆರರ ಪ್ರಮಾಣದ ಆಯತ. ಇದನ್ನು ಲೆಕ್ಕಿಸದೆ ನಾನು ಮಕ್ಕಳ ಗಣಿತದ ಗ್ರಾಫ್ ಹಾಳೆಯ ಮೇಲೆ ಮೊದಲ ಮುಖವನ್ನು ಬರೆದೆ. ಹಾಳೆಯ ಮೇಲೆ ದುಂಡಗಿದ್ದ ಮುಖ ಕಟ್ಟಿದಾಗ ಐದನೇ ಒಂದು ಭಾಗದಷ್ಟು ಉದ್ದವಾಗಿ, ಹದಿನಾರರ ಹುಡುಗನ ಬದಲಿಗೆ ಬಳಲಿದ ಮುದುಕನಂತೆ ಕಂಡಿತು. ಇಪ್ಪತ್ತಾರು ವರಸೆಯನ್ನೂ ಬಿಚ್ಚಬೇಕಾಯಿತು. ಆದ್ದರಿಂದ ಅಡ್ಡಕ್ಕೆ 10 ಮಿ.ಮೀ., ಉದ್ದಕ್ಕೆ 12 ಮಿ.ಮೀ. ಇರುವ ಮನೆಗಳನ್ನು ನೀವೇ ಗೀಟು ಹಾಕಿಕೊಂಡು, ಅದರ ಮೇಲೆ ಫೋಟೋದ ಹೊರಗೆರೆಯನ್ನು ಇಳಿಸಿ.

ಒಟ್ಟು ಗಾತ್ರವನ್ನು ನಿಮ್ಮ ಕಟ್ಟಡದ ಬಾಗಿಲು ಮತ್ತು ಲಿಫ್ಟ್ ನಿರ್ಧರಿಸಲಿ. ಮುಂಬಯಿಯ ಮನೆಗಳಲ್ಲಿ ಕಟ್ಟುವುದು ಸುಲಭ, ಹೊರಗೆ ತರುವುದು ಕಷ್ಟ. ನಮ್ಮ ಲಿಫ್ಟಿನ ಬಾಗಿಲು 70 ಸೆಂ.ಮೀ. ತೆರೆಯುತ್ತದೆ, ಎರಡೂ ಬದಿ ಕೈ ಹಿಡಿಯಲು ಜಾಗ ಬಿಟ್ಟು ಶಿಲ್ಪದ ಅತಿ ಹೆಚ್ಚಿನ ಅಗಲವನ್ನು 64 ಸೆಂ.ಮೀ., ಅಂದರೆ 80 ಗುಬುಟು ಎಂದು ಇಟ್ಟುಕೊಂಡೆವು. ಎತ್ತರಕ್ಕೆ 100 ವರಸೆ. ಎದೆಗೆ 28, ಕತ್ತಿಗೆ 6, ಗಲ್ಲದಿಂದ ಹಣೆಯ ಪಟ್ಟಿಯವರೆಗೆ 26, ಮುಂದಲೆಗೆ 40.

ಮುಖದ ಅಗಲ 24 ಗುಬುಟು. ಅಗಲ ಸಮಸಂಖ್ಯೆಯೋ ಬೆಸಸಂಖ್ಯೆಯೋ ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ, ಏಕೆಂದರೆ ಮೂಗು, ತುಟಿ, ನಾಮ, ಕೊರಳಿನ ಪದಕ ಎಲ್ಲವೂ ಅದೇ ಜಾತಿಯ ಸಂಖ್ಯೆಯಲ್ಲಿ ಬರಬೇಕು. ಮುಖ 24 ಆದರೆ ಮೂಗು 2 ಅಥವಾ 4 ಗುಬುಟಿನದಾಗಬೇಕೇ ಹೊರತು 3ರದ್ದಾಗಲಾರದು. ಮುಖದ ಅಗಲ ಐದು ಕಣ್ಣುಗಳಷ್ಟು ಎಂಬ ಚಿತ್ರಕಾರರ ಹಳೆಯ ಲೆಕ್ಕ ಇಲ್ಲಿ ಚೆನ್ನಾಗಿ ಕೂಡುತ್ತದೆ: ಕೆನ್ನೆಯ ಬದಿಗೆ 5, ಕಣ್ಣಿಗೆ 5, ನಡುವೆ 4, ಮತ್ತೆ ಕಣ್ಣಿಗೆ 5, ಬದಿಗೆ 5. ಎಲ್ಲಿಯಾದರೂ ಅರ್ಧ ಗುಬುಟು ಸರಿಸಲೇಬೇಕಾದರೆ, ಎರಡು ಗುಬುಟಿನ ಜಾಗದ ನಡುವೆ ಒಂದೇ ಗುಬುಟಿರುವ ಜಂಪರ್ ಪ್ಲೇಟ್ ಬಳಸಿ.

ನಕ್ಷೆ

ಕಂಪ್ಯೂಟರ್ ಬಲ್ಲವರಿಗೆ ಬ್ರಿಕ್‌ಲಿಂಕ್‌ನವರ ಸ್ಟುಡಿಯೊ ಎಂಬ ಉಚಿತ ತಂತ್ರಾಂಶ ಸಾಕು. ವರಸೆ ವರಸೆಯಾಗಿ ಜೋಡಿಸಿ, ತಿರುಗಿಸಿ ನೋಡಿ, ಯಾವ ಬಣ್ಣದ ಯಾವ ತುಂಡು ಎಷ್ಟು ಬೇಕೆಂಬ ಪಟ್ಟಿಯನ್ನೂ ಅದರಿಂದಲೇ ಪಡೆಯಬಹುದು. ಕಾಗದದಲ್ಲೂ ಆಗುತ್ತದೆ. ಮುಂದಿನ ಮತ್ತು ಪಕ್ಕದ ಹೊರಗೆರೆಗಳಿಂದ ಪ್ರತಿ ವರಸೆಯ ಅಗಲ ಮತ್ತು ಆಳವನ್ನು ಎಣಿಸಿ, ಮೇಲಿನಿಂದ ಕಾಣುವ ಅಡ್ಡಕೊಯ್ತವನ್ನು ಚೌಕುಳಿ ಹಾಳೆಯಲ್ಲಿ ಬರೆಯಿರಿ. ಮೇಲಿನಿಂದ ನೋಡುವಾಗ ಮನೆ ನಿಜವಾಗಿಯೂ ಚೌಕ, ಆದ್ದರಿಂದ ಇದಕ್ಕೆ ಸಾಮಾನ್ಯ ಗ್ರಾಫ್ ಹಾಳೆ ಒಗ್ಗುತ್ತದೆ. ನೂರು ವರಸೆಗೆ ನೂರು ಹಾಳೆ. ಎಡ ಬಲ ಒಂದೇ ಆಗಿರುವ ಪಾತ್ರಕ್ಕೆ ಅರ್ಧ ಬರೆದರೂ ನಡೆಯುತ್ತದೆ.

ಇಟ್ಟಿಗೆಯ ಲೆಕ್ಕ ಮತ್ತು ಖರೀದಿ

ಶಿಲ್ಪ ಒಳಗೆ ಪೊಳ್ಳಾಗಿರಬೇಕು. ನಮ್ಮ ಶಿಲ್ಪದ ಸರಾಸರಿ ಅಡ್ಡಕೊಯ್ತ 50 ಗುಬುಟು ಅಗಲ, 30 ಗುಬುಟು ಆಳದ ಅಂಡಾಕಾರ. ಅದನ್ನು ಗಟ್ಟಿಯಾಗಿ ತುಂಬಿದರೆ ಒಂದು ವರಸೆಗೆ ಸುಮಾರು 1,180 ಗುಬುಟಿನಷ್ಟು ಇಟ್ಟಿಗೆ ಬೇಕು. ಅದರ ಸುತ್ತಳತೆ ಸುಮಾರು 128 ಗುಬುಟು. ಗೋಡೆ ಎರಡು ಗುಬುಟು ದಪ್ಪವಿದ್ದು ಒಳಗೆ ಅಡ್ಡಪಟ್ಟಿಗಳನ್ನು ಕೊಟ್ಟರೆ 320 ಗುಬುಟು ಸಾಕಾಗುತ್ತದೆ. ಒಂದು ಇಟ್ಟಿಗೆಗೆ ಸರಾಸರಿ ಐದು ಗುಬುಟು ಎಂದು ಹಿಡಿದರೆ ವರಸೆಗೆ 64, ನೂರು ವರಸೆಗೆ 6,400 ಇಟ್ಟಿಗೆ. ಎರಡು ಗುಬುಟು ಅಗಲ, ನಾಲ್ಕು ಗುಬುಟು ಉದ್ದದ ಇಟ್ಟಿಗೆಯೊಂದು 2.3 ಗ್ರಾಂ ತೂಗುವುದರಿಂದ ತೂಕವನ್ನೂ ಹೀಗೆಯೇ ಮೊದಲೇ ಅಂದಾಜು ಮಾಡಬಹುದು. ಎಣಿಕೆಗಿಂತ ಹತ್ತನೇ ಒಂದು ಭಾಗ ಹೆಚ್ಚು ತನ್ನಿ.

ಒಂದೊಂದೇ ಬಗೆಯ ತುಂಡನ್ನು ವಿದೇಶದಿಂದ ತರಿಸುವ ಮೊದಲು ಸುಂಕವನ್ನು ಲೆಕ್ಕಿಸಿ. ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. 2021ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಹಾಗಾಗಿ ಕಣ್ಣಿಗೆ ಬೀಳುವ ವಿಶೇಷ ತುಂಡುಗಳನ್ನು ಮಾತ್ರ ಲೆಗೊದಲ್ಲಿ ಕೊಂಡು, ಗೋಡೆಯ ಸಾದಾ ಇಟ್ಟಿಗೆಗಳಿಗೆ ಕ್ರಾಫರ್ಡ್ ಮಾರ್ಕೆಟ್ ಸುತ್ತಲಿನ ಸಗಟು ಆಟಿಕೆ ಅಂಗಡಿಗಳಲ್ಲಿ ಅದೇ ಅಳತೆಯ ಬೇರೆ ಇಟ್ಟಿಗೆಗಳನ್ನು ಹುಡುಕುವುದು ಸಂಘದ ಹಣದ ಮಿತಿಗೆ ಹಿತ. ಕೊಳ್ಳುವ ಮೊದಲು ಅಂಗಡಿಯಲ್ಲೇ ಹತ್ತು ಇಟ್ಟಿಗೆಗಳನ್ನು ಒಂದರ ಮೇಲೊಂದು ಕೂರಿಸಿ, ಮೇಲಿನದ್ದನ್ನು ಹಿಡಿದು ಎತ್ತಿ ಅಲುಗಾಡಿಸಿ. ಕೆಳಗಿನದ್ದು ಕಳಚಿದರೆ ಅದು ಬೇಡ. ಕಳಚಲು ಹಲ್ಲೇ ಬೇಕಾಗುವಷ್ಟು ಬಿಗಿಯಿದ್ದರೂ ಬೇಡ. ಜೊತೆಗೆ ಆ ಕಂಬವನ್ನು ಲೆಗೊದ ಹತ್ತು ಇಟ್ಟಿಗೆಗಳ ಪಕ್ಕದಲ್ಲಿಟ್ಟು ಎತ್ತರವನ್ನು ಹೋಲಿಸಿ. ಹತ್ತರಲ್ಲಿ ಒಂದು ಮಿ.ಮೀ. ವ್ಯತ್ಯಾಸವಿದ್ದರೆ ನೂರರಲ್ಲಿ ಅದು ಒಂದು ಸೆಂಟಿಮೀಟರ್ ಆಗಿ, ಶಿಲ್ಪ ಒಂದು ಬದಿಗೆ ವಾಲುತ್ತದೆ. ಬೇರೆ ಬೇರೆ ತಯಾರಿಕೆಯವನ್ನು ಒಂದೇ ವರಸೆಯಲ್ಲಿ ಬೆರೆಸಲೇಬೇಡಿ.

ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ಒಪ್ಪಬೇಡಿ, ಅಂಗಡಿಯ ಹೊರಗೆ ಬೆಳಕಿಗೆ ಹಿಡಿದು ನೋಡಿ. ಯಕ್ಷಗಾನದ ಮುಖವರ್ಣಿಕೆಯ ಹಳದಿ ಬೆರೆತ ಗುಲಾಬಿಯನ್ನು ಇಟ್ಟಿಗೆಯಲ್ಲಿ ತರುವುದು ಕಷ್ಟವಾಯಿತು. ಕೊನೆಗೆ ಟ್ಯಾನ್ ಎಂಬ ತಿಳಿ ಮಣ್ಣಿನ ಬಣ್ಣವನ್ನು ಮುಖಕ್ಕೂ, ಕೆಂಪನ್ನು ತುಟಿ ಮತ್ತು ದಗಲೆಗೂ (ವೇಷದ ಅಂಗಿ), ಕಪ್ಪು ಮತ್ತು ಹಳದಿಯನ್ನು ಮುಂದಲೆಯ ಬಟ್ಟೆ ಮತ್ತು ಜರಿಪಟ್ಟಿಗೂ ಬಳಸಿದೆವು. ನಾಲ್ಕೈದು ಬಣ್ಣಕ್ಕಿಂತ ಹೆಚ್ಚು ಹೋಗದಿದ್ದರೆ ದೂರಕ್ಕೆ ವೇಷ ಸ್ಪಷ್ಟವಾಗಿ ಕಾಣುತ್ತದೆ.

ಪೀಠ ಮತ್ತು ನಡುಗಂಬ

18 ಮಿ.ಮೀ. ಪ್ಲೈವುಡ್ಡಿನ ಹಲಗೆಯನ್ನು ಶಿಲ್ಪದ ಬುಡಕ್ಕಿಂತ ಎಲ್ಲ ಬದಿಯಲ್ಲೂ ಹತ್ತು ಸೆಂ.ಮೀ. ಹೆಚ್ಚಿಗೆ ಕತ್ತರಿಸಿ, ಅಂಚುಗಳಿಗೂ ಸೇರಿಸಿ ಎರಡು ಬಾರಿ ವಾರ್ನಿಶ್ ಹಚ್ಚಿ. ಮಳೆಗಾಲದ ನಮ್ಮ ಊರಿನ ಗಾಳಿಗೆ ಇಟ್ಟಿಗೆಯ ಪ್ಲಾಸ್ಟಿಕ್ ಅಲುಗುವುದಿಲ್ಲ, ಆದರೆ ಬರಿ ಹಲಗೆ ಉಬ್ಬುತ್ತದೆ. ಹಲಗೆ ಉಬ್ಬಿದರೆ ಮೊದಲ ವರಸೆ ಬಾಯಿ ಬಿಡುತ್ತದೆ. ಹಲಗೆಯ ನಡುವೆ 25 ಮಿ.ಮೀ. ಚೌಕದ ಅಲ್ಯುಮಿನಿಯಂ ಪೈಪನ್ನು ಎಲ್-ಕ್ಲಾಂಪುಗಳಿಂದ ನೆಟ್ಟಗೆ ಬಿಗಿಯಿರಿ. ಪೈಪು ಸುಮಾರು 70 ಸೆಂ.ಮೀ. ಎತ್ತರವಿರಲಿ, ಆಗ ಮುಂದಲೆಯ ಬುಡಕ್ಕೂ ಅದರ ಆಸರೆ ಸಿಗುತ್ತದೆ. ಅದರ ಸುತ್ತ ನಾಲ್ಕು ನಾಲ್ಕರ ಗುಬುಟಿನ ಜಾಗವನ್ನು, ಅಂದರೆ 32 ಮಿ.ಮೀ. ಚೌಕದ ಕಂಡಿಯನ್ನು, ಎಲ್ಲ ವರಸೆಗಳಲ್ಲೂ ಖಾಲಿ ಬಿಡಿ. ಶಿಲ್ಪದ ಭಾಗಗಳು ಮೇಲಿನಿಂದ ಈ ಪೈಪಿಗೆ ಇಳಿಯುತ್ತವೆ. ಬುಡಕ್ಕೆ ಹಾಸುವ 48 ಗುಬುಟಿನ ಬೇಸ್‌ಪ್ಲೇಟ್ 38.4 ಸೆಂ.ಮೀ. ಚೌಕವಿರುತ್ತದೆ, ಎರಡನ್ನು ಒತ್ತಾಗಿ ಹಾಸಿ, ತೆಳುವಾದ ಸ್ಕ್ರೂಗಳಿಂದ ಹಲಗೆಗೆ ಬಿಗಿದರೆ ಆಯಿತು.

ವರಸೆಗಳನ್ನು ಏರಿಸುವುದು

ಆಟಿಕೆ ಇಟ್ಟಿಗೆ ಮೇಲಿನ ಮತ್ತು ಕೆಳಗಿನ ಇಟ್ಟಿಗೆಯನ್ನು ಮಾತ್ರ ಹಿಡಿಯುತ್ತದೆ. ಪಕ್ಕದ ಇಟ್ಟಿಗೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅವೆರಡನ್ನೂ ಒಟ್ಟಿಗೆ ಹಿಡಿಯುವುದು ಅವುಗಳ ಸಂದಿನ ಮೇಲೆ ಅಡ್ಡವಾಗಿ ಕೂರುವ ಮೂರನೆಯ ಇಟ್ಟಿಗೆ. ಮೇಸ್ತ್ರಿಗಳು ಗೋಡೆಯಲ್ಲಿ ಸಂದಿನ ಮೇಲೆ ಸಂದು ಬರದಂತೆ ಕಟ್ಟುವುದು ಇದೇ ಕಾರಣಕ್ಕೆ, ಮತ್ತು ಅವರಿಗಾದರೂ ಗಾರೆಯ ಅಂಟು ಇದೆ, ನಮಗೆ ಅದೂ ಇಲ್ಲ. ಆದ್ದರಿಂದ ಒಂದು ವರಸೆಯಲ್ಲಿ ಇಟ್ಟಿಗೆಗಳನ್ನು ಗೋಡೆಯ ಉದ್ದಕ್ಕೆ ಹಾಕಿದರೆ ಮುಂದಿನ ವರಸೆಯಲ್ಲಿ ಸಾಧ್ಯವಾದಲ್ಲೆಲ್ಲ ಒಳಮುಖವಾಗಿ ಅಡ್ಡ ಹಾಕಿ. ಪ್ರತಿ ವರಸೆ ಮುಗಿದಾಗ ಅದರ ಹಾಳೆಯನ್ನು ಹಿಂದಿನ ಹಾಳೆಯ ಮೇಲಿಟ್ಟು ಬೆಳಕಿಗೆ ಹಿಡಿದು, ಸಂದುಗಳು ಒಂದರ ಮೇಲೊಂದು ಬಂದಿವೆಯೇ ಎಂದು ನೋಡಿ. ಒಂದು ಗುಬುಟಿನ ಪುಟ್ಟ ಇಟ್ಟಿಗೆಗಳಿಂದ ತೂತು ಮುಚ್ಚುವ ಆಸೆ ಬರುತ್ತದೆ. ಅಂಥ ಇಟ್ಟಿಗೆ ಜಾಗ ತುಂಬುತ್ತದೆಯೇ ವಿನಾ ಏನನ್ನೂ ಹಿಡಿಯುವುದಿಲ್ಲ.

ಹನ್ನೆರಡು ವರಸೆಗೊಮ್ಮೆ ಎದುರು ಬದುರು ಗೋಡೆಗಳನ್ನು ಸೇರಿಸುವ ಅಡ್ಡಪಟ್ಟಿಗಳನ್ನು ಉದ್ದದ ಪ್ಲೇಟುಗಳಿಂದ ಕೊಟ್ಟು, ನಡುಗಂಬದ ಕಂಡಿಯ ಸುತ್ತ ಚೌಕಟ್ಟು ಕಟ್ಟಿ. ಒತ್ತುವಾಗ ಬೆರಳ ತುದಿ ಬೇಡ, ಎರಡು ದಿನದಲ್ಲಿ ಹುಣ್ಣಾಗುತ್ತದೆ. ಅಂಗೈಯಗಲದ ಮರದ ತುಂಡಿಗೆ ಬಟ್ಟೆ ಸುತ್ತಿ, ಒಳಗಿನಿಂದ ಇನ್ನೊಬ್ಬರು ಕೈ ಕೊಟ್ಟಿರುವಾಗ, ನೇರ ಕೆಳಕ್ಕೆ ಒತ್ತಿ. ಟಕ್ ಎಂಬ ಸದ್ದು ನಿಂತು, ಎರಡು ಇಟ್ಟಿಗೆಗಳ ನಡುವೆ ಉಗುರು ಹೋಗದಂತಾದರೆ ಕೂತಿತೆಂದು ಅರ್ಥ.

ಮೇಲಕ್ಕೆ ಹೋದಂತೆ ಅಗಲವಾಗುವ ಜಾಗಗಳಲ್ಲಿ, ಅಂದರೆ ಗಲ್ಲದ ಕೆಳಗೆ ಮತ್ತು ಮುಂದಲೆಯ ಬುಡದಲ್ಲಿ, ಒಂದು ವರಸೆಗೆ ಒಂದೇ ಗುಬುಟು ಹೊರಚಾಚಿ. ಹೊರಗೆ ಎಷ್ಟು ಚಾಚಿದೆಯೋ ಅದರ ಎರಡರಷ್ಟು ಒಳಗೆ ಕಚ್ಚಿರಬೇಕು. ಭುಜಕೀರ್ತಿಯನ್ನು ಮಾತ್ರ ಬೇರೆಯಾಗಿ ಕಟ್ಟಿ, ಭುಜದಲ್ಲಿ ಬಿಟ್ಟ ಕಂಡಿಗೆ ಉದ್ದದ ಪ್ಲೇಟುಗಳ ನಾಲಗೆಯಿಂದ ಸಿಕ್ಕಿಸಿ. ಸಾಗಿಸುವಾಗ ಮೊದಲು ಮುರಿಯುವುದು ಅದೇ, ಕಳಚಿಡುವಂತಿದ್ದರೆ ಒಳ್ಳೆಯದು.

ಮುಖ

ಲಾಲ್‌ಬಾಗ್, ಪರೇಲ್ ಎಂಬ ಮುಂಬಯಿಯ ಬಡಾವಣೆಗಳಲ್ಲಿ ಗಣಪತಿ ಮಾಡುವ ಕಾರ್ಖಾನೆಗಳನ್ನು ಶ್ರಾವಣದಲ್ಲಿ ನೋಡಿದವರಿಗೆ ಗೊತ್ತು, ಮೂರ್ತಿಕಾರರು ಕಣ್ಣು ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಇಟ್ಟಿಗೆಯ ಶಿಲ್ಪದಲ್ಲಿ ಆ ಸೌಕರ್ಯವಿಲ್ಲ. ನಮ್ಮ ಅಭಿಮನ್ಯುವಿನ ಕಣ್ಣು 49ನೇ ವರಸೆಯಿಂದ 51ರವರೆಗೆ. ಅದರ ಮೇಲೆ ಇನ್ನೂ 49 ವರಸೆ ಏರಬೇಕು. ಕೂತ ಕಣ್ಣನ್ನು ಆಮೇಲೆ ತಿದ್ದಲಾಗದು. ಆದ್ದರಿಂದ 35ರಿಂದ 60ರವರೆಗಿನ ಮುಖದ ಮುಂಭಾಗವನ್ನು ಮಾತ್ರ, ನಾಲ್ಕು ಗುಬುಟು ಆಳಕ್ಕೆ, ಮಾದರಿಯಾಗಿ ಮೊದಲೇ ಕಟ್ಟಿ. ಅದನ್ನು ಕಟ್ಟಡದ ಓಣಿಯ ಕೊನೆಯಲ್ಲಿ ಸ್ಟೂಲಿನ ಮೇಲಿಟ್ಟು ನಾಲ್ಕು ಮೀಟರ್ ದೂರದಿಂದ ನೋಡಿ, ಫೋಟೋ ತೆಗೆದು ಚಿಕ್ಕದು ಮಾಡಿಯೂ ನೋಡಿ.

ನಮ್ಮ ಮೊದಲ ಮಾದರಿಯಲ್ಲಿ ಕಣ್ಣು ಬಿಳಿಯ ನಡುವೆ ಕಪ್ಪು ಗುಬುಟಾಗಿ, ಬೆದರಿದಂತೆ ಕಾಣುತ್ತಿತ್ತು. ಮೇಲಿನ ರೆಪ್ಪೆಗೆ ಒಂದು ಕಪ್ಪು ಪ್ಲೇಟನ್ನು, ಅಂದರೆ 3.2 ಮಿ.ಮೀ. ಮಾತ್ರ, ಒಂದು ಗುಬುಟು ಮುಂದೆ ಚಾಚಿದೆವು. ಅದರ ನೆರಳು ಬಿಳಿಯ ಮೇಲೆ ಬಿದ್ದ ಕೂಡಲೇ ಬೆದರು ಹೋಗಿ ದಿಟ್ಟ ನೋಟ ಬಂತು. ಕಾಡಿಗೆಯ ಗೆರೆ ಕಿವಿಯ ಕಡೆಗೆ ಏರುವಂತೆ, ಕೊನೆಯ ಎರಡು ಗುಬುಟನ್ನು ಒಂದು ಪ್ಲೇಟಿನಷ್ಟು ಮೇಲೆ ಇಟ್ಟೆವು. ಮುಖದಲ್ಲಿ ಇಟ್ಟಿಗೆಗಿಂತ ಪ್ಲೇಟುಗಳಲ್ಲಿ ಕೆಲಸ ಮಾಡಿ ಎನ್ನುವುದು ಇದಕ್ಕೇ. ಇಳಿಜಾರಿನ ಸ್ಲೋಪ್ ತುಂಡುಗಳನ್ನು ಕೆನ್ನೆಗೆ ಬಳಸಬಾರದು ಎನ್ನುವುದು ನನ್ನ ಅಭಿಪ್ರಾಯ. ಹತ್ತಿರಕ್ಕೆ ನುಣುಪು ಕಂಡರೂ ದೂರಕ್ಕೆ ಅವು ತೇಪೆಯಂತೆ ಹೊಳೆಯುತ್ತವೆ, ಮೆಟ್ಟಿಲುಗಳಾದರೆ ಕಣ್ಣು ತಾನೇ ಕೂಡಿಸಿಕೊಳ್ಳುತ್ತದೆ.

ಹಣೆಯ ನಾಮಕ್ಕೆ ಸಣ್ಣ ಗೆರೆ ಬೇಕು, ಅದು ನಿಂತ ಗೆರೆ. ಅಲ್ಲಿ ಪಕ್ಕದಲ್ಲಿ ಗುಬುಟಿರುವ ಇಟ್ಟಿಗೆಗಳನ್ನು ಹಾಕಿ, ಮೇಲೆ ಗುಬುಟಿಲ್ಲದ ನುಣುಪು ಟೈಲ್‌ಗಳನ್ನು ಗೋಡೆಗೆ ಒರಗಿಸಿದಂತೆ ಹೊರಮುಖವಾಗಿ ಕೂರಿಸಬಹುದು. ಐದು ಪ್ಲೇಟಿನ ಎತ್ತರ 16 ಮಿ.ಮೀ., ಎರಡು ಗುಬುಟಿನ ಅಗಲವೂ 16 ಮಿ.ಮೀ.; ಅಡ್ಡ ತಿರುಗಿದ ತುಂಡು ನೆಟ್ಟಗಿನ ವರಸೆಯೊಳಗೆ ಸರಿಯಾಗಿ ಕೂರುವುದು ಈ ಲೆಕ್ಕದಿಂದ.

ಭಾಗಗಳು, ಅಂಟು, ಸಾಗಣೆ

ನೂರು ವರಸೆಯನ್ನು ಒಂದೇ ತುಂಡಾಗಿ ಕಟ್ಟಬೇಡಿ. 24ರ ಮೇಲೆ ಮತ್ತು 60ರ ಮೇಲೆ, ಗುಬುಟಿಲ್ಲದ ನುಣುಪು ಟೈಲ್‌ಗಳನ್ನು ಹಾಸಿ, ಸುತ್ತ ಎಂಟು ಹತ್ತು ಕಡೆ ಮಾತ್ರ ಗುಬುಟು ಬಿಟ್ಟರೆ, ಮೂರು ಭಾಗಗಳು ಸುಲಭವಾಗಿ ಕಳಚಿ ಮತ್ತೆ ಕೂರುತ್ತವೆ. ಮೊದಲ ಬಿರುಕು ಕೊರಳ ಹಾರದ ಗೆರೆಯಲ್ಲಿ, ಎರಡನೆಯದು ಹಣೆಯ ಪಟ್ಟಿಯಲ್ಲಿ ಅಡಗುತ್ತದೆ. ಕತ್ತಿನಲ್ಲಿ ಮಾತ್ರ ಭಾಗ ಮಾಡಬೇಡಿ, ಅದು ಅತ್ಯಂತ ಸಣ್ಣ ಅಡ್ಡಕೊಯ್ತ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಅಭ್ಯಾಸಕ್ಕೆಂದು ಹಿಂದಿನ ವರ್ಷ ಕಟ್ಟಿದ ಚಿಕ್ಕ ಶಿಲ್ಪವನ್ನು ಟೆಂಪೊದಲ್ಲಿ ಹಾಸಿಗೆಯ ಮೇಲೆ ಅಡ್ಡ ಮಲಗಿಸಿ ಒಯ್ದೆ. ಹೊಂಡದ ರಸ್ತೆಯಲ್ಲಿ ಕತ್ತು ಪಟ್ಟನೆ ತುಂಡಾಯಿತು. ಬಿಚ್ಚಿ ನೋಡಿದರೆ ಹಿಂಭಾಗದಲ್ಲಿ ಆರು ವರಸೆಗಳ ಸಂದುಗಳು ಒಂದೇ ನೇರಕ್ಕೆ ಬಂದಿದ್ದವು. ಮುಂದೆ ಮಾತ್ರ ಜಾಗ್ರತೆ ವಹಿಸಿ ಹಿಂದೆ ಅವಸರ ಮಾಡಿದ್ದೆ. ಭಾಗಗಳನ್ನು ಯಾವಾಗಲೂ ನಿಂತ ಭಂಗಿಯಲ್ಲೇ, ಒಂದೊಂದಕ್ಕೂ ಬೇರೆ ರಟ್ಟಿನ ಪೆಟ್ಟಿಗೆಯಲ್ಲಿ, ಸುತ್ತ ಹಳೆ ಸೀರೆ ತುರುಕಿ ಒಯ್ಯಿರಿ.

ಅಂಟಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಪ್ರದರ್ಶನಕ್ಕೆ ಕಟ್ಟುವ ವೃತ್ತಿಪರರಲ್ಲಿ ಅನೇಕರು, ಅಮೆರಿಕದ ನೇಥನ್ ಸವಾಯ ಅವರೂ ಸೇರಿದಂತೆ, ಪ್ರತಿ ಇಟ್ಟಿಗೆಯನ್ನೂ ಅಂಟಿಸುತ್ತಾರೆ. ಸಂಘದ ಕೆಲಸಕ್ಕೆ ಅದು ಬೇಡ ಎನ್ನುತ್ತೇನೆ: ಇಟ್ಟಿಗೆಗಳು ಮುಂದಿನ ವರ್ಷ ಇನ್ನೊಂದು ವೇಷವಾಗಬೇಕು. ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ದ್ರಾವಣಗಳ ಹೊಗೆ ಮುಚ್ಚಿದ ಕೋಣೆಯಲ್ಲಿ ಮಕ್ಕಳ ನಡುವೆ ಬಳಸುವಂಥದ್ದಲ್ಲ, ತಕ್ಷಣ ಹಿಡಿಯುವ ಸೂಪರ್ ಗ್ಲೂ ಸಂದಿನ ಸುತ್ತ ಬಿಳಿ ಮಬ್ಬು ಬಿಡುತ್ತದೆ.

ನಿಲ್ಲಿಸಿದ ಮೇಲೆ

ನೇರ ಬಿಸಿಲು ಬೀಳದ ಜಾಗ ಆರಿಸಿ, ಬಿಸಿಲಿಗೆ ಬಿಳಿ ಮತ್ತು ತಿಳಿ ಬಣ್ಣಗಳು ಹಳದಿಗಟ್ಟುತ್ತವೆ. ಧೂಳಿಗೆ ಬಣ್ಣ ಬಳಿಯುವ ಮೆತ್ತನೆಯ ಬ್ರಶ್ ಸಾಕು. ತೊಳೆಯಲೇಬೇಕಾದರೆ ಬಿಚ್ಚಿ, 40 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ತೊಳೆದು, ನೆರಳಲ್ಲಿ ಆರಿಸಿ.

ಉಳಿದ ಇಟ್ಟಿಗೆಗಳಲ್ಲಿ ಪ್ರತಿ ಬಣ್ಣದ ಹತ್ತಿಪ್ಪತ್ತನ್ನು ಒಂದು ಚೀಲದಲ್ಲಿ ಕಟ್ಟಿ, ವರಸೆಯ ಹಾಳೆಗಳ ಜೊತೆಗೆ ಎದೆಯ ಭಾಗದ ಪೊಳ್ಳಿನೊಳಗೇ ಇಡಿ. ಸಭಾಂಗಣದ ಬಾಗಿಲಲ್ಲಿ ಕರ್ಣಕುಂಡಲವನ್ನು ಹಿಡಿದೆಳೆಯುವ ಮಗು ಖಂಡಿತ ಬರುತ್ತದೆ. ನಮ್ಮಲ್ಲಿ ಮೊದಲ ದಿನವೇ ಬಂತು, ಮತ್ತು ಬೇಕಾದ ಹಳದಿ ತುಂಡು ಅಲ್ಲೇ ಕೈಗೆ ಸಿಕ್ಕಿತು.